ನಿನ್ನೆಯ ಜೊತೆ ಗುಡ್ಡ ಹತ್ತಿದ ಕಾರು

"ಈಕಿಗೆ ಸಾಲದಿರೋದು ಎದಿಯೋ, ಉಸಿರೋ?"

ಈ ಮಾತು ಕೇಳಿಸಿದಾಗ ದಸ್ತಗೀರ ಮೇಸ್ತ್ರಿಯ ಗ್ಯಾರೇಜಿಗೆ ಬೀಗ ಬಿದ್ದಿತ್ತು, ಒಳಗೆ ನರಪಿಳ್ಳೆಯೂ ಇರಲಿಲ್ಲ. ಮೇಸ್ತ್ರಿ ಅದನ್ನು ಕೇಳಿದ್ದು ಹಿಂದಿನ ದಿನ, ದೀಪ ಹಚ್ಚುವ ಹೊತ್ತಿಗೆ, ಕಸ್ತೂರಕ್ಕನ ಕಾರಿನ ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡು, ಯಾರಿಗೂ ಅಲ್ಲದೆ. ನಮ್ಮ ಊರಲ್ಲಿ ಇವತ್ತು ಆದ ಸದ್ದು ನಾಳೆ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಇನ್ನೊಂದು ಸಲ ಕೇಳಿಸುತ್ತದೆ. ಅದಕ್ಕೆ ಮರುದನಿ ಅನ್ನುತ್ತೇವೆ. ಮರುದನಿಗೆ ಮತ್ತೆ ಮರುದನಿಯಿಲ್ಲ. ಎರಡು ಸಲ ಕೇಳಿಸಿದರೆ ಆ ಸದ್ದಿನ ಋಣ ತೀರಿತು.

ಬೀಗ ಹಾಕಿದ ಬಾಗಿಲ ಮುಂದೆ ನಾನು ಸಿಕ್ಕಿಬಿದ್ದೆ. ಯಾರಿಗೂ ಅಲ್ಲದೆ ಕೇಳಿದ ಪ್ರಶ್ನೆ ಮರುದನಿಯಾಗಿ ಬಂದಾಗ, ಅದು ಯಾರ ಕಿವಿಗೆ ಬಿತ್ತೋ ಅವರು ಉತ್ತರ ಹೇಳಿಯೇ ಮುಂದೆ ಹೋಗಬೇಕು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕು. ಕಿವುಡರ ಹಾಗೆ ದಾಟಿಹೋಗುವುದು ನಮ್ಮಲ್ಲಿ ಇಲ್ಲ. ಮೊದಲ ಸಲ ಕೇಳಿದ್ದು ಮನುಷ್ಯ ಇರಬಹುದು, ಎರಡನೆಯ ಸಲ ಕೇಳುವವನು ದೇವರು ಅಂತ ನಮ್ಮ ಅವ್ವ ಹೇಳಿಕೊಟ್ಟಿದ್ದಳು. ನಾನೋ ಮಾತಿಗೆ ಹಿಂಜರಿಯುವ ಆಸಾಮಿ. ಹೆಸರೇ ಮೌನೇಶ, ಮಾಡುವುದು ಪತ್ತಾರಿಕೆ, ಬಂಗಾರ ಬೆಳ್ಳಿಯ ಕೆಲಸ. ಆಡಿದ ಮಾತೆಲ್ಲ ಎರಡೆರಡು ಸಲ ಕೇಳಿಸುವ ಊರಲ್ಲಿ, ಎರಡು ಸಲ ಕೇಳಬೇಕಾದಂಥ ಮಾತು ನನ್ನಲ್ಲಿ ಯಾವುದಿದೆ ಎಂದುಕೊಂಡೇ ಅರ್ಧ ಆಯುಷ್ಯ ಕಳೆದಿದ್ದೆ. ಆದರೂ ಅಂದು ಬಾಗಿಲಿಗೆ ಮುಖ ಮಾಡಿ, "ಉಸಿರು" ಅಂದೆ. ಅಂದು ಮಂಟಪದ ಕಡೆ ಬಿರಬಿರನೆ ನಡೆದೆ.

ಮಂಟಪದಲ್ಲಿ ಸಂಜೆ ಸಂಜೆ ತುಂಗಾಬಾಯಿ ಪದ್ಯ ಓದುತ್ತಾರೆ. ಬೇರೆ ಊರುಗಳಲ್ಲಿ ರಾಗವಾಗಿ ಓದಲು ಒಬ್ಬರು, ಅರ್ಥ ಹೇಳಲು ಇನ್ನೊಬ್ಬರು ಬೇಕಂತೆ. ನಮ್ಮಲ್ಲಿ ತುಂಗಾಬಾಯಿ ಒಬ್ಬರೇ ಸಾಕು. ಇವತ್ತು ಓದುತ್ತಾರೆ, ನಾಳೆ ತಮ್ಮದೇ ಮರುದನಿ ಓದುತ್ತಿರುವಾಗ ಎಲೆಯಡಿಕೆ ಹಾಕಿಕೊಂಡು ಅರ್ಥ ಹೇಳುತ್ತಾರೆ, ನಡುನಡುವೆ ತಮ್ಮ ರಾಗವನ್ನು ತಾವೇ ಬೈದುಕೊಳ್ಳುತ್ತಾರೆ. ತರಕಾರಿ ಮಾರುವವಳು ದಿನ ಬಿಟ್ಟು ದಿನ ಕೂಗುತ್ತಾಳೆ. ನಿನ್ನೆ ಬದನೆಕಾಯಿ ಅಂದಿದ್ದ ದನಿ ಇವತ್ತು ಬುಟ್ಟಿಯಲ್ಲಿರುವ ಹೀರೆಕಾಯಿಯನ್ನು ಬದನೆಕಾಯಿ ಅಂತ ಮಾರುತ್ತಿದ್ದರೂ ಯಾರೂ ತಕರಾರು ಮಾಡುವುದಿಲ್ಲ. ನಿನ್ನೆ ಜಗಳವಾಡಿದ ಗಂಡಹೆಂಡತಿ ಇವತ್ತು ಅದೇ ಹೊತ್ತಿಗೆ ಮನೆಗೆ ಕದ ಹಾಕಿಕೊಂಡು ಕೆರೆಯ ಕಡೆ ಜೊತೆಯಾಗಿ ತಿರುಗಾಡಲು ಹೋಗುತ್ತಾರೆ. ಕೆರೆಯ ಏರಿಯ ಮೇಲೆ ಯಾರನ್ನಾದರೂ ಕಂಡರೆ, ನಿನ್ನೆ ಏನಾಯಿತು ಅಂತ ನಾವು ಕೇಳುವುದಿಲ್ಲ, ನಗುತ್ತೇವೆ ಅಷ್ಟೆ.

ಮರುದಿನ ನಾನು ಅದೇ ಹಾದಿಯಲ್ಲಿ ಬರುವಾಗ ದಸ್ತಗೀರ ಮೇಸ್ತ್ರಿ ತಮ್ಮ ಪ್ರಶ್ನೆಗೆ ಯಾರು ಏನು ಉತ್ತರ ಹೇಳಿದರೋ ಕೇಳಲು ಗ್ಯಾರೇಜಿನ ಹೊಸ್ತಿಲ ಮೇಲೆ ಸ್ಟೂಲು ಹಾಕಿಕೊಂಡು ಕಾಯುತ್ತಿದ್ದರು. ಮೊದಲು ಮರದ ಅಟ್ಟೆಯ ನನ್ನ ನಿನ್ನೆಯ ಚಪ್ಪಲಿಯ ಸಪ್ಪಳ ಬಂದು ನಿಂತಿತು. ಆಮೇಲೆ "ಉಸಿರು" ಎಂಬ ನನ್ನ ಮಾತು. ಆಮೇಲೆ ಚಪ್ಪಲಿ ಓಡಿತು. ಅಷ್ಟರಲ್ಲಿ ಇವತ್ತಿನ ನನ್ನ ಚಪ್ಪಲಿಯೂ ಅಲ್ಲಿಗೇ ಬಂದಿತ್ತು. ಮೇಸ್ತ್ರಿ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಎರಡೂ ಸಪ್ಪಳ ಒಂದೇ ಆದವು, ಇನ್ನು ಎಲ್ಲಿಗೆ ಓಡುತ್ತೀರಿ ಅಂದರು. ಉಸಿರು ಅಂತ ಹೇಗೆ ಗೊತ್ತಾಯಿತು ಎಂದು ಕೇಳಿದರು.

ನಾನು ಹೇಳಿದೆ. ಹೋದ ವರ್ಷ ಗುಡ್ಡದ ದಿನ ಕಾರು ನಿಂತುಹೋದದ್ದನ್ನು ಮರುದಿನ ಎಲ್ಲರಂತೆ ನಾನೂ ಕೇಳಿದ್ದೆ. ಆರು ಸಾಲಿನ ಪದ್ಯದಲ್ಲಿ ಮೂರನೆಯ ಸಾಲೂ ಆರನೆಯ ಸಾಲೂ ಉದ್ದ. ಹೊಸದಾಗಿ ಕಲಿಯುವವರು ಮೊದಲೆರಡು ಸಾಲಿಗೇ ಗಂಟಲು ಹರಿದುಕೊಂಡು, ಮೂರನೆಯದಕ್ಕೆ ಬಂದಾಗ ಬಾಯಿ ತೆರೆದುಕೊಂಡು ನಿಲ್ಲುತ್ತಾರೆ. ಗಂಟಲೇನೋ ಇರುತ್ತದೆ, ಒಳಗೆ ಗಾಳಿ ಇರುವುದಿಲ್ಲ. ಕಾರು ಕೆಮ್ಮಿದ್ದು ಹಾಗೆಯೇ ಇತ್ತು.

ಮೇಸ್ತ್ರಿ ಗಡ್ಡ ಕೆರೆದುಕೊಂಡರು. ಆಮೇಲೆ ಚಹಾ ತರಿಸಿದರು.

ಆ ಕಾರಿನ ವಿಷಯ ಊರಿಗೆಲ್ಲ ಗೊತ್ತಿದ್ದದ್ದೇ. ಈರುಳ್ಳಿ ಸಿಪ್ಪೆಯ ಬಣ್ಣದ, ಎರಡೇ ಸೀಟಿನ, ಮೇಲೆ ಚಾವಣಿಯಿಲ್ಲದ, ಕುಳಿತರೆ ನೆಲ ಕೈಗೆ ಸಿಗುವಂಥ ಓಟದ ಕಾರು. ಕಸ್ತೂರಕ್ಕನ ಸೋದರಮಾವ ಅದನ್ನು ಎಲ್ಲಿಂದಲೋ ತಂದು, ಸಾಯುವಾಗ ತನ್ನ ಮಗ ಗುರುಸಿದ್ದನಿಗೂ ಸೋದರ ಸೊಸೆ ಕಸ್ತೂರಕ್ಕನಿಗೂ ಸೇರಿಸಿ ಬಿಟ್ಟುಹೋಗಿದ್ದ. ಕಸ್ತೂರಕ್ಕ ಹಿಟ್ಟಿನ ಗಿರಣಿ ನಡೆಸುವ ಹೆಂಗಸು. ಅವಳಿಗಿಂತ ದೊಡ್ಡವರೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಾರೆ. ನಿಂತಲ್ಲೇ ತಿರುಗುವ ಎಂಜಿನ್ನನ್ನು ಬೆಳಗಿನಿಂದ ಸಂಜೆವರೆಗೆ ನೋಡುವವಳಿಗೆ ಮುಂದಕ್ಕೆ ಹೋಗುವ ಎಂಜಿನ್ ಒಂದು ಬೇಕಿತ್ತು. ಗುರುಸಿದ್ದನದು ಬಟ್ಟೆ ಅಂಗಡಿ. ಮನುಷ್ಯ ಒಳ್ಳೆಯವನೇ, ಆದರೆ ಆಯಿಲ್ ಕಲೆ ಕಂಡರೆ ಆಗದು. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನವರು ಆ ಕಾರನ್ನು ಕೊಂಡು, ಎಂಜಿನ್ ತೆಗೆಸಿ, ಆ ಜಾಗದಲ್ಲಿ ಮಣ್ಣು ತುಂಬಿ, ದಾಸವಾಳ ನೆಟ್ಟು ಬಾಗಿಲಲ್ಲಿ ನಿಲ್ಲಿಸುತ್ತೇವೆ ಎಂದಿದ್ದರು. ಗುರುಸಿದ್ದನಿಗೆ ಅದು ಚಂದ ಕಂಡಿತ್ತು.

ಮಾಘದ ಹುಣ್ಣಿಮೆಯ ಮರುದಿನ ನಮ್ಮಲ್ಲಿ ಗಾಡಿಗಳು ಗುಡ್ಡ ಹತ್ತುತ್ತವೆ. ಪೈಪೋಟಿ ಏನಿಲ್ಲ. ಒಂದೊಂದೇ ಗಾಡಿ, ಕೆಳಗಿನ ನಾಕಾದಿಂದ ಮೇಲಿನ ಹನುಮಪ್ಪನ ಕಟ್ಟೆಯವರೆಗೆ ನಡುವೆ ನಿಲ್ಲದೆ ಹತ್ತಬೇಕು. ಹತ್ತಿದ ಗಾಡಿಗೆ ಅರ್ಚಕರು ಸಿಂಧೂರ ಹಚ್ಚುತ್ತಾರೆ, ಅಷ್ಟೇ ಅದರ ಬಹುಮಾನ. ಮಾವನ ಕಾಲದಲ್ಲೂ ಅವನ ನಂತರವೂ ಕಸ್ತೂರಕ್ಕನೇ ಓಡಿಸುತ್ತಿದ್ದ ಈರುಳ್ಳಿ ಬಣ್ಣದ ಕಾರು ಒಮ್ಮೆಯೂ ಮೇಲೆ ಮುಟ್ಟಿರಲಿಲ್ಲ. ಕುದುರೆ ತಿರುವು ಅಂತ ಒಂದು ಕಡಿದಾದ ತಿರುವಿದೆ, ಅಲ್ಲಿಗೆ ಬಂದು ಕೆಮ್ಮಿ ಸಾಯುತ್ತಿತ್ತು. ಅದರ ಮರುದಿನ ಜನ ಶೇಂಗಾ ಕಟ್ಟಿಕೊಂಡು ತಿರುವಿಗೆ ಹೋಗಿ ಕೂರುತ್ತಿದ್ದರು. ಕಾರು ಕೆಮ್ಮಿದ್ದನ್ನೂ, ಆಮೇಲೆ ಕಸ್ತೂರಕ್ಕ ಆಡಿದ ಮಾತುಗಳನ್ನೂ ಇನ್ನೊಮ್ಮೆ ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಕ್ಕಳನ್ನು ಮಾತ್ರ ಕರೆದುಕೊಂಡು ಹೋಗುತ್ತಿರಲಿಲ್ಲ.

ಈ ವರ್ಷ ಗುರುಸಿದ್ದ ಹತ್ತು ಜನರೆದುರು ಮಾತು ಮುಗಿಸಿದ್ದ. ಈ ಸಲ ಹತ್ತಿದರೆ ಕಾರು ಪೂರ್ತಿ ಅಕ್ಕನದು, ತನ್ನ ಪಾಲು ಬಿಟ್ಟೆ. ಹತ್ತದಿದ್ದರೆ ಅಲ್ಲಿಂದಲೇ ಹೋಟೆಲಿಗೆ ತಳ್ಳಿಸುವುದು. ಕಸ್ತೂರಕ್ಕ ಆಗಲಿ ಅಂದಿದ್ದಳು. ಮರುದಿನ ಆ ಮಾತನ್ನು ಇಡೀ ಪೇಟೆ ಇನ್ನೊಮ್ಮೆ ಕೇಳಿತು. ಹಾಗೆ ಎರಡು ಸಲ ಕೇಳಿದ ಮಾತಿನಿಂದ ಹಿಂದೆ ಸರಿದವರು ನಮ್ಮೂರಲ್ಲಿ ಇಲ್ಲ.

"ನನಗ ಜೋರು ಬೇಕು ಮೇಸ್ತ್ರಿ," ಅಂತ ಕಸ್ತೂರಕ್ಕ ಗ್ಯಾರೇಜಿಗೆ ಬಂದವಳು ಹೇಳಿದಳು. ಮೈತುಂಬ ಜೋಳದ ಹಿಟ್ಟು, ರೆಪ್ಪೆಯೂ ಬೆಳ್ಳಗೆ. "ತಿರುವಿನಾಗ ಆನೀ ಹಂಗ ನುಗ್ಗಬೇಕು."

"ಜೋರು ಕೊಡೋದು ಒಂದು ಮಧ್ಯಾಹ್ನದ ಕೆಲಸ ಅಕ್ಕಾ," ಅಂದರು ಮೇಸ್ತ್ರಿ. "ಕೊಟ್ಟ ಜೋರು ಮರುದಿನಾನೂ ಇರಬೇಕಲ್ಲ, ಅದಕ್ಕ ತಿಂಗಳು ಹಿಡೀತೈತಿ."

ಎಂಜಿನ್ ಬಿಚ್ಚಿ ಗೋಣಿತಾಟಿನ ಮೇಲೆ ಹರಡಿದರು. ಅವತ್ತು ಬೆಳಿಗ್ಗೆ ನಾನು ಅಲ್ಲಿದ್ದೆ. ಖಾಲಿ ಬಾನೆಟ್ಟಿನೊಳಗೆ ನಿನ್ನೆಯ ಎಂಜಿನ್ ಓಡುತ್ತಿತ್ತು, ಅದರ ಕೈಕಾಲೆಲ್ಲ ನಮ್ಮ ಕಾಲ ಬಳಿ ಸೀಮೆಎಣ್ಣೆಯಲ್ಲಿ ಮುಳುಗಿದ್ದವು. ನಮ್ಮೂರ ಮೇಸ್ತ್ರಿಗಳು ಕೆಲಸ ಮಾಡುವುದು ಹೀಗೆಯೇ. ಇವತ್ತು ಓಡಿಸಿ ನೋಡಿದ್ದನ್ನು ನಾಳೆ ಅದೇ ಹೊತ್ತಿಗೆ ಕೈಯಲ್ಲಿ ಚಹಾ ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ. ಆಗ ಹೊಗೆಯಿಲ್ಲ, ಬಿಸಿಯಿಲ್ಲ, ಕೈ ಸಿಕ್ಕೀತೆಂಬ ಭಯವಿಲ್ಲ. ಬರೀ ಸದ್ದು.

ನಿನ್ನೆಯ ಆ ಸದ್ದಿನಲ್ಲಿ ಒಂದು ಕುಂಟು ಇತ್ತು. ನಾಲ್ಕು ಹೆಜ್ಜೆಗೊಮ್ಮೆ ಒಂದು ಹೆಜ್ಜೆ ಭಾರ. ನಾನು ಅದನ್ನು ಹೇಳಿದೆ, ಅಥವಾ ಹೇಳುವ ಬದಲು ತೊಡೆಯ ಮೇಲೆ ತಾಳ ಹಾಕಿ ತೋರಿಸಿದೆ. ಮೇಸ್ತ್ರಿ ನಾಲ್ಕು ಪಿಸ್ಟನ್‌ಗಳನ್ನೂ ಒರೆಸಿ, ಅರಿವೆಯಲ್ಲಿ ಸುತ್ತಿ, ನನ್ನ ಅಂಗಡಿಗೆ ತಂದರು. ಬೆಳ್ಳಿ ತೂಗುವ ದೊಡ್ಡ ತ್ರಾಸಿನಲ್ಲಿ ಇಟ್ಟು ನೋಡಿದೆವು. ಒಂದು ಪಿಸ್ಟನ್ ಉಳಿದ ಮೂರಕ್ಕಿಂತ ಎರಡು ಉಂಗುರದಷ್ಟು ಹೆಚ್ಚು ತೂಗಿತು. ಕಾಲುಂಗುರ ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು, ಯಾರ ಮದುವೆಗೆ ಇಷ್ಟು ದಪ್ಪ ಬೆಳ್ಳಿ ಬಟ್ಟಲು ಅಂತ ವಿಚಾರಿಸಿದಳು. ಕಸ್ತೂರಕ್ಕನ ಮನೆಯ ಹುಡುಗಿಯದು, ಗಂಡು ಗುಡ್ಡದ ಮೇಲೆ ಇದ್ದಾನೆ ಅಂತ ಮೇಸ್ತ್ರಿ ಹೇಳಿದರು. ನಾನು ಸಣ್ಣ ಅರದಿಂದ ಆ ಪಿಸ್ಟನ್ನಿನ ಒಳಮೈಯನ್ನು ಉಜ್ಜಿ ಉಜ್ಜಿ, ನಾಲ್ಕರಲ್ಲೂ ಗುಂಜಿಯಷ್ಟು ವ್ಯತ್ಯಾಸ ಇಲ್ಲದ ಹಾಗೆ ಮಾಡಿದೆ. ಉಜ್ಜುವಾಗ ಬಾಯಲ್ಲಿ ಪದ್ಯ ಇರುತ್ತದೆ, ನಮ್ಮಪ್ಪನಿಂದ ಬಂದ ರೂಢಿ. ಸದ್ದು ಹೊರಗೆ ಬರುವುದಿಲ್ಲ ಅಂತ ನಾನು ಎಣಿಸಿದ್ದೆ. ಮೇಸ್ತ್ರಿ ಕೇಳಿಸಿಕೊಂಡರು, ಕಸ್ತೂರಕ್ಕನಿಗೂ ಹೋಗಿ ಹೇಳಿದರು ಅಂತ ಆಮೇಲೆ ತಿಳಿಯಿತು.

ಆಮೇಲೆ ಉಸಿರಿನ ಕೆಲಸ. ಎಂಜಿನ್ನಿನ ತಲೆಯಲ್ಲಿ ಗಾಳಿ ಒಳಗೆ ಬರುವ, ಹೊಗೆ ಹೊರಗೆ ಹೋಗುವ ದಾರಿಗಳೆಲ್ಲ ಒಳಗೆ ಒರಟಾಗಿ, ಅಚ್ಚಿನಿಂದ ತೆಗೆದ ಬೆಲ್ಲದ ಹಾಗೆ ಇದ್ದವು. ಅವನ್ನು ನನ್ನ ಹೊಳಪಿನ ಕಲ್ಲುಗಳಿಂದ ತಿಕ್ಕಿ, ಬೆರಳು ಹಾಕಿದರೆ ಜಾರುವಂತೆ ಮಾಡಿದೆವು. ವಾಲ್ವ್‌ಗಳಿಗೆ ಅರೆಯುವ ಪೇಸ್ಟು ಹಚ್ಚಿ, ಎರಡು ಅಂಗೈ ನಡುವೆ ಕಡಗೋಲಿನಂತೆ ತಿರುಗಿಸಿ ತಿರುಗಿಸಿ ಕೂರಿಸಿದರು ಮೇಸ್ತ್ರಿ. ಒಂದಿದ್ದ ಕಾರ್ಬೊರೇಟರ್ ಎರಡಾಯಿತು. ಎರಡೂ ಒಂದೇ ಅಳತೆಗೆ ಗಾಳಿ ಎಳೆಯಬೇಕು. ಅದನ್ನು ನೋಡಲು ಒಂದು ರಬ್ಬರ್ ನಳಿಗೆಯ ಒಂದು ತುದಿಯನ್ನು ಕಾರ್ಬೊರೇಟರಿನ ಬಾಯಿಗೂ ಇನ್ನೊಂದನ್ನು ಕಿವಿಗೂ ಇಟ್ಟುಕೊಳ್ಳುತ್ತಾರೆ. ಮೇಸ್ತ್ರಿ ನಳಿಗೆಯನ್ನು ನನ್ನ ಕೈಗೆ ಕೊಟ್ಟರು. ಒಂದು ಸ್ಸ್ ಅನ್ನುತ್ತಿತ್ತು, ಇನ್ನೊಂದು ಅದಕ್ಕಿಂತ ಕೂದಲೆಳೆ ಮೇಲಿನ ಸ್ವರದಲ್ಲಿ ಸ್ಸ್ ಅನ್ನುತ್ತಿತ್ತು. ತಂಬೂರಿಯ ಎರಡು ತಂತಿ ಕೂಡಿಸಿದ ಹಾಗೆ, ಅವರು ಸ್ಕ್ರೂ ತಿರುಗಿಸುತ್ತ ಹೋದರು, ನಾನು ತಲೆಯಾಡಿಸುತ್ತ ಹೋದೆ. ಕೊನೆಗೆ ಎರಡೂ ಒಂದೇ ಉಸಿರಾದವು.

ಜೋರು ಹೆಚ್ಚಾದ ಮೇಲೆ ಬಿಸಿಯೂ ಹೆಚ್ಚಾಗುವುದು ಸಹಜ. ಮೇಸ್ತ್ರಿಗೆ ನಿಜವಾದ ಚಿಂತೆ ಅದೇ. ಕಸ್ತೂರಕ್ಕ ಗಿರಣಿಯ ಹಳೆಯ ಎಂಜಿನ್ನಿನ ಅಗಲ ರೇಡಿಯೇಟರನ್ನು ಹೊರಿಸಿಕೊಂಡು ಬಂದಳು. ಅದನ್ನು ಕಾರಿನ ಮೂತಿಗೆ ಹೊಂದಿಸುವಷ್ಟರಲ್ಲಿ ಮೂತಿ ಅಗಲವಾಗಿ, ಸಿಟ್ಟಿನಲ್ಲಿದ್ದ ಕಾರು ನಕ್ಕ ಹಾಗೆ ಕಾಣತೊಡಗಿತು. ಆಯಿಲ್ ತಣಿಸಲು ಬೇರೆ ಒಂದು ಸಣ್ಣ ಜಾಲರಿ ಕೂರಿಸಿದರು, ಹೊಸ ಆಯಿಲ್ ಪಂಪು ಹಾಕಿದರು. ಎಂಜಿನ್ ಬಿಸಿಯಾದಾಗಲೆಲ್ಲ ಕಾರಿನಿಂದ ಜೋಳದ ಹಿಟ್ಟಿನ ಘಮ ಬರುತ್ತಿತ್ತು. ಗುರುಸಿದ್ದ ಒಮ್ಮೆ ಅಂಗಡಿ ಮುಚ್ಚಿ ಬರುವಾಗ ಬಾಗಿಲಲ್ಲಿ ನಿಂತು, ಧೋತರ ಎತ್ತಿ ಹಿಡಿದುಕೊಂಡು, ದಾಸವಾಳಕ್ಕೆ ಈ ಅಗಲದ ಮೂತಿ ಇನ್ನೂ ಅನುಕೂಲ ಅಂದ. ಕಸ್ತೂರಕ್ಕ ಅವನ ಧೋತರಕ್ಕೆ ಆಯಿಲ್ ಕೈ ಒರೆಸಲು ಹೋದಳು. ಅವನು ನಕ್ಕು ಓಡಿದ. ಆದರೆ ಮರುದಿನ ಅದೇ ಹೊತ್ತಿಗೆ ಅವನ ಮಾತು ಮತ್ತೆ ಬಂದಾಗ ಅವಳು ನಗಲಿಲ್ಲ. ರೇಡಿಯೇಟರಿನ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

ಗುಡ್ಡದ ಓಟಕ್ಕೆ ಒಂದು ನಿಯಮ ಇದೆ. ಹಿಂದಿನ ದಿನ, ಅದೇ ಸರದಿಯಲ್ಲಿ, ಅದೇ ಹೊತ್ತಿಗೆ, ಪ್ರತಿ ಗಾಡಿಯೂ ಕುದುರೆ ತಿರುವಿನವರೆಗೆ ಹತ್ತಿ ತೋರಿಸಿ ಹಿಂದಕ್ಕೆ ತಿರುಗಬೇಕು. ಬ್ರೇಕು, ಚಕ್ರ ಸರಿಯಿವೆಯೋ ಇಲ್ಲವೋ ಊರ ಹಿರಿಯರಾದ ಪಂಚರು ನೋಡುತ್ತಾರೆ. ಕಸ್ತೂರಕ್ಕ ಹುಣ್ಣಿಮೆಯ ದಿನ ಹತ್ತಿಸಿ ತೋರಿಸಿ ಬಂದಳು. ಬಂದವಳ ಮುಖ ಅರಳಿತ್ತು. ಕಾರು ಗಾಳಿ ಕುಡಿದ ಹಾಗೆ ಹೋಯಿತು, ಕೆಮ್ಮಿಲ್ಲ, ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಬರಲಿಲ್ಲ ಅಂತ ಹೇಳುತ್ತ ಹೇಳುತ್ತ ಅವಳು ಒಂದು ಮಾತು ಅಂದಳು. ಪ್ರತಿ ವರ್ಷದ ಹಾಗೆಯೇ ತಿರುವಿನಲ್ಲಿ, ಸಾಕು ತಾಯಿ ಸಾಕು ಅಂತ ಕಾರಿಗೆ ಹೇಳಿ ಹಿಂದಕ್ಕೆ ತಿರುಗಿಸಿದೆ, ಅಂದಳು.

ನನ್ನ ಕೈಯಲ್ಲಿದ್ದ ಚಹಾ ಅಲ್ಲೇ ನಿಂತಿತು. ಹೋದ ವರ್ಷದ ಸದ್ದು ನೆನಪಾಯಿತು. ಪದ್ಯ ಹೇಳುವವರ ಉಸಿರು ಕಟ್ಟುವ ಮುಂಚೆ ಸಾಲು ಸ್ವಲ್ಪ ನಡುಗುತ್ತದೆ. ಕಾರಿನ ಸದ್ದು ನಡುಗಿರಲಿಲ್ಲ. ಯಾರೋ ಸಾಕು ಅಂತ ಕೈ ಎತ್ತಿದ ಹಾಗೆ ಮೊದಲು ಇಳಿದಿತ್ತು. ಕೆಮ್ಮು ಬಂದದ್ದು ಆಮೇಲೆ.

"ಅಕ್ಕಾ, ಹೋದ ವರ್ಷ ಓಟದ ದಿನ ತಿರುವಿನಾಗ ನಿಮ್ಮ ಪಾದ ಏನು ಮಾಡ್ತು?" ಅಂತ ಕೇಳಿದೆ. ನಾನು ನೇರವಾಗಿ ಒಬ್ಬರನ್ನು ಪ್ರಶ್ನೆ ಕೇಳಿದ್ದನ್ನು ಕಂಡು ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟರು.

ಅವಳು ಯೋಚಿಸಿದಳು. ಎಂಜಿನ್ನಿನ ಸದ್ದು ಇಳಿದದ್ದು ಕೇಳಿಸಿತು, ಅದಕ್ಕೇ ಪಾದ ಎತ್ತಿದೆ. ಎತ್ತಿದೊಡನೆ ತಪ್ಪಾಯಿತು ಅಂತ ಮತ್ತೆ ಒತ್ತಿದೆ, ಆಗ ಕೆಮ್ಮಿತು, ಅಂದಳು. ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಹೊಳೆಯಿತು. ಇಳಿದದ್ದು ಅಂದಿನ ಸದ್ದಲ್ಲ. ಹಿಂದಿನ ದಿನದ್ದು. ಓಟದ ದಿನ ಅವಳ ಜೊತೆಜೊತೆಗೇ ಹಿಂದಿನ ದಿನದ ಕಾರೂ ಗುಡ್ಡ ಹತ್ತುತ್ತಿತ್ತು. ತಿರುವಿಗೆ ಬಂದಾಗ ಅದು ಹಿಂದಕ್ಕೆ ತಿರುಗಲು ಸದ್ದು ಇಳಿಸುತ್ತಿತ್ತು. ಸಾಲದ್ದಕ್ಕೆ ಅವಳದೇ ದನಿ, ಸಾಕು ತಾಯಿ ಸಾಕು ಅನ್ನುತ್ತಿತ್ತು. ಅವಳ ಪಾದ ಅವಳ ಮಾತನ್ನೇ ಕೇಳಿತ್ತು, ಅಷ್ಟೆ. ಬಡ ಎಂಜಿನ್ನಿಗೆ ಒಮ್ಮೆ ಬಿಟ್ಟ ಉಸಿರನ್ನು ಮತ್ತೆ ಹಿಡಿಯಲು ಆಗಿರಲಿಲ್ಲ.

ಮೇಸ್ತ್ರಿ ನೆಲದ ಮೇಲೆ ಕುಳಿತುಬಿಟ್ಟರು. "ನಾನು ಎಂಜಿನ್ ಬಿಚ್ಚೀನಿ, ನಿನ್ನಿ ಬಿಚ್ಚೋದು ಹೆಂಗ?" ಅಂದರು.

ಉಳಿದ ಗಾಡಿಯವರು ಓಟದ ದಿನ ಕಿವಿಗೆ ಅರಳೆ ಇಟ್ಟುಕೊಳ್ಳುತ್ತಾರೆ. ಅದನ್ನು ಹೇಳಿದರೆ ಕಸ್ತೂರಕ್ಕ ಒಪ್ಪಲಿಲ್ಲ. ಅವಳು ಕಿವಿಯಿಂದ ಕೆಲಸ ಮಾಡುವವಳು. ಕಲ್ಲಿನ ಸದ್ದು ಕೇಳಿಯೇ ಹಿಟ್ಟು ನುಣ್ಣಗಾಯಿತೋ ಇಲ್ಲವೋ ಹೇಳುತ್ತಾಳೆ. ಕಿವಿ ಮುಚ್ಚಿದರೆ ಕಾರು ಯಾವಾಗ ಗೇರು ಕೇಳುತ್ತದೆ ಅಂತ ತಿಳಿಯದು, ಕುರುಡಿ ಓಡಿಸಿದ ಹಾಗೆ ಆಗುತ್ತದೆ, ಅಂದಳು. ನಿನ್ನೆಗಿಂತ ಹತ್ತಿರ ಇನ್ನೊಂದು ಸದ್ದು ಇರಬೇಕು, ಅದು ಕಾರಿನ ಸದ್ದಿಗೆ ಅಡ್ಡ ಬರಬಾರದು, ಲಯ ತಪ್ಪಬಾರದು ಅಂತ ನಾನೇ ಹೇಳಿದೆ. ಹೇಳಿ ತಲೆಯೆತ್ತಿದರೆ ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

"ಪತ್ತಾರ್ರು ಒಂದು ಮೂಟಿ ಜೋಳದಷ್ಟೂ ತೂಕ ಇಲ್ಲ," ಅಂದರು ಮೇಸ್ತ್ರಿ. "ಬಾಜೂ ಸೀಟಿನಾಗ ಇಟ್ರ ಕಾರಿಗೆ ಗೊತ್ತೂ ಆಗಂಗಿಲ್ಲ."

"ಮೌನೇಶಣ್ಣ, ಪಿಸ್ಟನ್ ತಿಕ್ಕೂ ಮುಂದ ಹೇಳ್ತಿದ್ದಿರಲ್ಲ, ಅದನ್ನ ಹೇಳ್ರಿ," ಅಂದಳು ಕಸ್ತೂರಕ್ಕ. "ದೊಡ್ಡ ದನಿಲೆ."

ಇಡೀ ಊರು ಮರುದಿನ ಕೇಳುತ್ತದೆ ಅಂತ ಹಿಂಜರಿದೆ. ಆದರೆ ದಾಸವಾಳದ ಕುಂಡದ ನೆನಪೂ ಆಯಿತು. ನಾನು ಗುಂಜಿ ಗುಂಜಿ ಸರಿ ಮಾಡಿದ ಪಿಸ್ಟನ್‌ಗಳನ್ನು ತೆಗೆದು ಹೋಟೆಲಿನವರು ಎಲ್ಲಿ ಬಿಸಾಡುತ್ತಾರೋ. ಆಗಲಿ ಅಂದೆ.

ಓಟದ ದಿನ ನಾಕಾದಲ್ಲಿ ಕಾರಿನೊಳಗೆ ಕುಳಿತಾಗ ಕಾಲು ಚಾಚಿ ಮಲಗಿದ ಹಾಗಿತ್ತು. ಪಂಚರು ಹಸಿರು ಅರಿವೆ ಬೀಸಿದರು. ಕಸ್ತೂರಕ್ಕ ಕ್ಲಚ್ಚು ಬಿಟ್ಟಳು, ನನ್ನ ಬೆನ್ನು ಸೀಟಿಗೆ ಅಂಟಿತು, ಅದೇ ಗಳಿಗೆಗೆ ನಮ್ಮ ಪಕ್ಕದಿಂದ ಇನ್ನೊಂದು ಕಾರು ಹೊರಟಿತು. ಕಾಣುವುದಿಲ್ಲ, ಸದ್ದು ಮಾತ್ರ. ನಮ್ಮದೇ ಕಾರು, ನಮ್ಮದೇ ಸೈಲೆನ್ಸರ್, ನಿನ್ನೆಯದು. ನಾನು ಕಣ್ಣು ಮುಚ್ಚಿ, ಅಪ್ಪನನ್ನು ನೆನೆದು, ರಥ ಹೊರಡುವ ಭಾಗದ ಮೊದಲ ಪದ್ಯ ಎತ್ತಿಕೊಂಡೆ. ಗಾಳಿ ಬಾಯೊಳಗೆ ನುಗ್ಗಿ ಮೊದಲ ಸಾಲನ್ನೇ ನುಂಗಿತು. ಎರಡನೆಯ ಸಾಲಿಗೆ ಉಸಿರು ಸಿಕ್ಕಿತು. ಮೂರನೆಯ ಉದ್ದ ಸಾಲಿಗೆ ಮೊದಲ ತಿರುವು ಬಂತು, ಕಸ್ತೂರಕ್ಕ ಸಾಲಿನ ಕೊನೆಯ ಅಕ್ಷರದ ಮೇಲೆ ಗೇರು ಬದಲಿಸಿದಳು. ಅಲ್ಲಿಂದ ಇಬ್ಬರಿಗೂ ದಾರಿ ತಿಳಿಯಿತು. ಗಿಡ್ಡ ಸಾಲುಗಳಿಗೆ ನೇರ ರಸ್ತೆ, ಉದ್ದ ಸಾಲಿಗೆ ತಿರುವು. ನಿನ್ನೆಯ ಕಾರು ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಮ್ಮೆ ನಮ್ಮ ಮೈಯೊಳಗೇ ಓಡುತ್ತಿತ್ತು. ಜೋಳದ ಹಿಟ್ಟಿನ ಘಮ ಎದ್ದಿತು.

ಕುದುರೆ ತಿರುವಿನಲ್ಲಿ ಜನ ಕಟ್ಟೆಯ ಮೇಲೆ, ಮರದ ಮೇಲೆ, ಶೇಂಗಾ ಪೊಟ್ಟಣ ಬಿಚ್ಚಿಕೊಂಡು ಕುಳಿತಿದ್ದರು. ಅವರ ನಡುವೆ ಮೇಸ್ತ್ರಿ ಎರಡೂ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡು ನಿಂತದ್ದು ಕಂಡಿತು. ನಿನ್ನೆಯ ಎಂಜಿನ್ ಸದ್ದು ಇಳಿಸಿತು. ಪಕ್ಕದಲ್ಲೇ, ಗಾಳಿಯಿಂದ, ಕಸ್ತೂರಕ್ಕನ ದನಿ ಮೆಲ್ಲಗೆ, ಪ್ರೀತಿಯಿಂದ, ಸಾಕು ತಾಯಿ ಸಾಕು ಅಂದಿತು. ನಾನು ಆಗ ಆರನೆಯ ಸಾಲಿನಲ್ಲಿದ್ದೆ. ಜೀವಮಾನದಲ್ಲಿ ಅಷ್ಟು ದೊಡ್ಡದಾಗಿ ಬಾಯಿ ತೆರೆದಿರಲಿಲ್ಲ, ತೆರೆದೆ. ಸಾಲನ್ನು ಎಳೆದು ಎಳೆದು ತಿರುವು ಮುಗಿಯುವವರೆಗೆ ಹಿಡಿದೆ. ಅವಳ ಪಾದ ನಡುಗಿದ್ದನ್ನು ಕಂಡೆ, ಆದರೆ ಮೇಲೆ ಬರಲಿಲ್ಲ. ಕಾರು ಒಮ್ಮೆ ಮೂಗು ಎತ್ತಿ, ಎರಡೂ ಕಾರ್ಬೊರೇಟರಿನಿಂದ ಎದೆ ತುಂಬ ಗಾಳಿ ಎಳೆದುಕೊಂಡು, ತಿರುವನ್ನು ದಾಟಿತು. ಹಿಂದೆ ಜನರ ಕೈಯಲ್ಲಿದ್ದ ಶೇಂಗಾ ಅಲ್ಲೇ ಉಳಿಯಿತು. ನಿನ್ನೆಯ ಕಾರು ತಿರುಗಿ ಊರಿನ ಕಡೆ ಇಳಿದುಹೋಯಿತು. ಮುಂದಿನ ರಸ್ತೆಯಲ್ಲಿ ಆ ಕಾರಿನ ಸದ್ದು ಹಿಂದೆ ಯಾವತ್ತೂ ಆಗಿರಲಿಲ್ಲ. ನಾವಿಬ್ಬರೇ, ಇವತ್ತಿನವರು, ಮೇಲೆ ಹೋದೆವು.

ಹನುಮಪ್ಪನ ಕಟ್ಟೆಯ ಹತ್ತಿರ ಅರ್ಚಕರು, ತಿರುವಿನಲ್ಲಿ ನಿಂತ ಕಾರನ್ನು ಇಳಿದು ಹೋಗಿ ತಳ್ಳಿಸಲು ಬೆಳಿಗ್ಗೆಯೇ ಬಂದು ಕಟ್ಟೆಯ ನೆರಳಲ್ಲಿ ಕಾಯುತ್ತಿದ್ದ ಹೋಟೆಲಿನವರು, ಮತ್ತು ಗುರುಸಿದ್ದ, ಇಷ್ಟೇ ಜನ. ಕಾರು ಹತ್ತುವುದಿಲ್ಲ ಅಂತ ಮೇಲೆ ಯಾರೂ ಬಂದಿರಲಿಲ್ಲ. ಕಸ್ತೂರಕ್ಕ ಎಂಜಿನ್ ಆರಿಸಿದಳು. ನನ್ನ ಪದ್ಯ ಮಾತ್ರ ಆರಲಿಲ್ಲ. ಇನ್ನೂ ಎರಡು ಸಾಲು ಉಳಿದಿದ್ದವು, ಹೇಳಿ ಮುಗಿಸಿದೆ. ಅರ್ಚಕರು ಕೈಯಲ್ಲಿ ಸಿಂಧೂರ ಹಿಡಿದುಕೊಂಡು ಮರ್ಯಾದೆಯಿಂದ ಕಾದರು. ಕಸ್ತೂರಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು, ರೇಡಿಯೇಟರಿಗೆ ನೀರು ಬೇಕಾಗುತ್ತದೆ ಅಂತ ಹಳೆಯ ರೂಢಿಯಂತೆ ಡಬ್ಬಿ ತೆಗೆದುಕೊಂಡು ಗುಡಿಯ ಹಿಂದಿನ ನಲ್ಲಿಗೆ ಹೋದಳು. ಹೋಟೆಲಿನವರು ತಮ್ಮ ಹಗ್ಗ ಸುತ್ತಿಕೊಂಡು ಇಳಿದರು. ನಾನು ಸೀಟಿನಲ್ಲೇ ಬಿದ್ದುಕೊಂಡಿದ್ದೆ.

ಆಗ ಗುರುಸಿದ್ದ ಹತ್ತಿರ ಬಂದ. ಧೋತರ ಎತ್ತಿ ಹಿಡಿಯುವುದನ್ನು ಮರೆತಿದ್ದ. ಸ್ಟೇರಿಂಗಿನ ಮೇಲೆ ಬೆರಳು ಓಡಿಸಿದ. ನನ್ನನ್ನು ನೋಡಲಿಲ್ಲ, ನಾನು ಅಲ್ಲಿರುವುದೇ ಅವನಿಗೆ ತಿಳಿದ ಹಾಗೆ ಕಾಣಲಿಲ್ಲ. ಯಾರಿಗೂ ಅಲ್ಲದೆ ಒಂದು ಮಾತು ಕೇಳಿ, ನಾಚಿಕೊಂಡು ಆಚೆ ಸರಿದ. ಮೊದಲ ಸಲ ಕೇಳಿದ ಮಾತಿಗೆ ಉತ್ತರ ಹೇಳುವ ಹೊಣೆ ಯಾರದೂ ಅಲ್ಲ. ಅಷ್ಟರಲ್ಲಿ ಮೇಸ್ತ್ರಿ ಏದುತ್ತ ಓಡಿ ಬಂದು ಬಾನೆಟ್ಟಿನ ಮೇಲೆ ಅಂಗೈಯಿಟ್ಟರು. ತೆಗೆಯಲಿಲ್ಲ. ತೆಗೆಯುವಷ್ಟು ಬಿಸಿಯೇ ಇರಲಿಲ್ಲ. ಕಸ್ತೂರಕ್ಕ ತಂದ ನೀರನ್ನು ಅವರೇ ಕುಡಿದರು.

ಮರುದಿನ ಮರುದನಿ ಕೇಳಲು ಊರಿಗೆ ಊರೇ ಗುಡ್ಡದ ಮೇಲೆ ಬಂತು. ಈ ಸಲ ಕುದುರೆ ತಿರುವಿನಲ್ಲಿ ಯಾರೂ ಕೂರಲಿಲ್ಲ, ಎಲ್ಲರೂ ಕಟ್ಟೆಯ ಸುತ್ತ. ಮಕ್ಕಳನ್ನೂ ಕರೆತಂದಿದ್ದರು. ನಾನು ಆಲದ ಮರದ ಹಿಂದೆ ನಿಂತಿದ್ದೆ. ತುಂಗಾಬಾಯಿ ನನ್ನನ್ನು ಹುಡುಕಿಕೊಂಡು ಅಲ್ಲಿಗೇ ಬಂದು ಮಗ್ಗುಲಲ್ಲಿ ನಿಂತರು. ಹೊತ್ತಾಯಿತು. ಕೆಳಗಿನಿಂದ ಎಂಜಿನ್ನಿನ ಸದ್ದು ಏರಿ ಬಂತು, ಒಂದೇ ಸಮ, ನಾಲ್ಕು ಹೆಜ್ಜೆಯೂ ಒಂದೇ ತೂಕ. ಅದರ ಮೇಲೆ ಕುಳಿತು ನನ್ನ ದನಿ ಬಂತು. ಅದು ನನ್ನದೇ ಅಂತ ನನಗೂ ಗುರುತು ಹತ್ತಲಿಲ್ಲ, ಅಪ್ಪನದು ಅನ್ನಿಸಿತು. ಕಾರು ಕಟ್ಟೆಗೆ ಬಂದು ನಿಂತ ಸದ್ದಾಯಿತು, ಅಲ್ಲಿ ಕಾರಿರಲಿಲ್ಲ, ಪದ್ಯ ಇನ್ನೂ ನಡೆದಿತ್ತು. ಜನ ಕೈಮುಗಿದು ಕೇಳಿದರು. ಪದ್ಯ ಮುಗಿದಾಗ ತುಂಗಾಬಾಯಿ, ಐದನೆಯ ಸಾಲಿನಲ್ಲಿ ಒಂದು ಅಕ್ಷರ ತಿಂದಿದ್ದೀಯ, ನಾಳೆ ಮಂಟಪಕ್ಕೆ ಬಾ, ಕಕ್ಕಿಸುತ್ತೇನೆ ಅಂದರು. ಅವರ ಕಣ್ಣು ಒದ್ದೆಯಾಗಿತ್ತು.

ಇನ್ನೇನು ಮುಗಿಯಿತು ಅಂತ ಜನ ಏಳುವುದರಲ್ಲಿದ್ದರು. ಡಬ್ಬಿಯ ಸದ್ದು ನಲ್ಲಿಯ ಕಡೆ ಹೋಯಿತು. ಹಗ್ಗ ಸುತ್ತಿದ ಸದ್ದು. ಆಮೇಲೆ, ಖಾಲಿ ಜಾಗದಲ್ಲಿ, ಕಾರು ನಿಂತಿದ್ದ ಕಡೆಯಿಂದ, ಗುರುಸಿದ್ದನ ದನಿ, ಮದುವೆಗೆ ಬಂದ ಹುಡುಗ ಸಿಹಿ ಕೇಳುವ ಹಾಗೆ, ತೀರ ಮೆತ್ತಗೆ ಬಂತು.

"ಒಂದ್ಸಲ, ಇಳಿಯೂ ಮುಂದ, ನಾ ಗಾಡಿ ಹೊಡೀಲೇನು?"

ಗುರುಸಿದ್ದ ಎಲ್ಲರ ನಡುವೆ ನಿಂತಿದ್ದ, ಅವನ ಕಿವಿಗಳು ಸಿಂಧೂರಕ್ಕಿಂತ ಕೆಂಪಾಗಿದ್ದವು. ಮೊದಲು ಅವನ ಕಡೆ ತಿರುಗಿದ ಜನ ಆಮೇಲೆ ಕಸ್ತೂರಕ್ಕನ ಕಡೆ ತಿರುಗಿದರು. ಯಾರಿಗೂ ಅಲ್ಲದೆ ಕೇಳಿದ ಪ್ರಶ್ನೆ. ಎಲ್ಲರ ಕಿವಿಗೂ ಬಿದ್ದಿದೆ. ಉತ್ತರ ಹೇಳದೆ ಯಾರೂ ಗುಡ್ಡ ಇಳಿಯುವಂತಿಲ್ಲ. ಮೇಸ್ತ್ರಿ ಗಡ್ಡದೊಳಗೆ ನಗು ಮುಚ್ಚಿಕೊಂಡರು. ಕಸ್ತೂರಕ್ಕ ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಂಡು, ಮಾವನ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನ ಬಿಳಿ ಧೋತರದ ಅಂಚಿಗೆ ನಿನ್ನೆ ತಾಗಿದ ಆಯಿಲ್ ಕಲೆ ಹಾಗೆಯೇ ಇತ್ತು, ಅವನು ಅದನ್ನು ಬದಲಿಸಿರಲಿಲ್ಲ. ಅದನ್ನು ಅವಳೂ ಕಂಡಳು. ಅವಳ ತುಟಿಯ ತುದಿ ಸ್ವಲ್ಪ ಅಲುಗಿತು.

"ಬ್ಯಾಡ," ಅಂದಳು. "ಪಾಲು ಬಿಟ್ಟೆ ಅಂದದ್ದನ್ನ ಊರೆಲ್ಲ ಎರಡು ಸಲ ಕೇಳೈತಿ."